ಗ್ಯಾಸ್ಕೆಟ್ ಹೋದ ದಿನಗಳು

ಗ್ಯಾಸ್ಕೆಟ್ ಎಂದರೆ ಏನೆಂದು ಇವತ್ತು ಯಾವ ಗೃಹಿಣಿಗೂ ವಿವರಿಸಬೇಕಾಗಿಲ್ಲ. ಕುಕ್ಕರಿನ ಮುಚ್ಚಳದ ಸುತ್ತ ಹಬೆ ಸುಯ್ಯೆಂದು ಸೋರತೊಡಗಿ, ವಿಸಿಲ್ ಬಾರದೆ ಬೇಳೆ ಅರೆಬೆಂದು ಕೂತರೆ "ಗ್ಯಾಸ್ಕೆಟ್ ಹೋಗಿದೆ" ಎಂದು ನಾವೇ ತೀರ್ಪು ಕೊಡುತ್ತೇವೆ. ಸಡಿಲವಾದದ್ದನ್ನು ಫ್ರಿಜ್ಜಿನಲ್ಲಿಟ್ಟು ಬಿಗಿಮಾಡಿಕೊಂಡು ಇನ್ನೊಂದು ವಾರ ನೂಕುವ ಉಪಾಯವೂ ನಮಗೆ ಗೊತ್ತು. ಆದರೆ ನಮ್ಮ ಮನೆಗೆ ಈ ಶಬ್ದ ಅಡುಗೆಮನೆಯ ಬಾಗಿಲಿನಿಂದ ಬರಲಿಲ್ಲ, ಅಂಗಳದಿಂದ ಬಂತು. ಪ್ರೆಷರ್ ಕುಕ್ಕರ್ ನಮ್ಮ ದೇಶದಲ್ಲಿ ತಯಾರಾಗತೊಡಗಿದ್ದು 1959ರ ಸುಮಾರಿಗೆ. ಬೆಂಗಳೂರು ಅದರ ತವರುಗಳಲ್ಲೊಂದು. ಶೃಂಗೇರಿಯಿಂದ ಆರು ಮೈಲಿ ದೂರದ ನಮ್ಮ ಮನೆಯ ಒಲೆಯ ಮೇಲೆ ಅದು ಕೂತದ್ದು 1982ರಲ್ಲಿ. ಕಾರು ಅದಕ್ಕಿಂತ ಎಂಟು ವರ್ಷ ಮೊದಲೇ ಬಂದಿತ್ತು. ಹಾಗಾಗಿ ಕುಕ್ಕರಿನ ರಬ್ಬರ್ ಬಳೆಯನ್ನು ಅಮ್ಮ ಗ್ಯಾಸ್ಕೆಟ್ ಎಂದು ಕರೆದಾಗ ಅಜ್ಜಿ ಗಾಬರಿಯಾಗಿ, "ಇದಕ್ಕೂ ಗ್ಯಾಸ್ಕೆಟ್ ಉಂಟಾ? ಹಾಗಾದ್ರೆ ಇದನ್ನ ತಗೊಂಡು ಘಾಟಿ ಹತ್ತಬೇಡಿ ಮಾರಾಯ್ರೆ" ಎಂದಿದ್ದರು.

ಅಜ್ಜಿಯ ಮಾತು ತಮಾಷೆಯಾಗಿ ಕಂಡರೂ ಅದರಲ್ಲಿ ಅನುಭವವಿತ್ತು. ನಮ್ಮ ಸೀಮೆಯಲ್ಲಿ ಘಾಟಿಗೂ ಗ್ಯಾಸ್ಕೆಟ್ಟಿಗೂ ಹಳೆಯ ವೈರ.

ಕಾರಿನ ಎಂಜಿನ್ನಿಗೆ ಎರಡು ಭಾಗ. ಕೆಳಗಿನದು ಬ್ಲಾಕು; ಅದರಲ್ಲಿ ನಾಲ್ಕು ಉರುಟು ಬಾವಿಗಳಂತೆ ಸಿಲಿಂಡರುಗಳು. ಅದರ ಮೇಲೆ ಕೂರುವ ಭಾರವಾದ ಮುಚ್ಚಳವೇ ಹೆಡ್ಡು. ಈ ಎರಡರ ನಡುವೆ ಇರುವ ತೆಳ್ಳನೆಯ ಹಾಳೆ ಹೆಡ್ ಗ್ಯಾಸ್ಕೆಟ್. ಕಡುಬು ಬೇಯಿಸುವಾಗ ಪಾತ್ರೆಗಳ ಸಂದಿನಿಂದ ಹಬೆ ಹೋಗದಿರಲೆಂದು ಒದ್ದೆ ಬಟ್ಟೆ ಸುತ್ತುತ್ತೇವಲ್ಲ, ಅಂಥದೇ ಕೆಲಸ. ಆದರೆ ಒದ್ದೆ ಬಟ್ಟೆ ತಡೆಯಬೇಕಾದ್ದು ಹಬೆಯೊಂದನ್ನೇ. ಈ ಹಾಳೆ ಬೆಂಕಿ, ನೀರು, ಎಣ್ಣೆ ಮೂರನ್ನೂ ಅವುಗಳ ಮನೆಯಲ್ಲೇ ಇಡಬೇಕು. ಸಿಲಿಂಡರಿನೊಳಗೆ ಉರಿಯುವ ಗಾಳಿ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನೂ ದಾಟುತ್ತದೆ, ಅದರ ಒತ್ತಡ ಕುಕ್ಕರಿನದಕ್ಕಿಂತ ಹತ್ತಾರು ಪಟ್ಟು. ಬೆರಳಗಲದಷ್ಟು ಪಕ್ಕದಲ್ಲೇ ಎಂಜಿನ್ನನ್ನು ತಂಪಾಗಿಡುವ ನೀರಿನ ದಾರಿ, ಅದರಾಚೆ ಎಣ್ಣೆಯ ದಾರಿ. ಹಾಳೆಯಲ್ಲಿ ಒಂದು ಕಡೆ ಎಳೆಯಷ್ಟು ಸುಟ್ಟು ಹೋದರೂ ಸಾಕು, ಮೂವರೂ ಒಬ್ಬರ ಮನೆಗೊಬ್ಬರು ನುಗ್ಗುತ್ತಾರೆ. ಹೊಗೆಕೊಳವೆಯಿಂದ ಬಿಳಿಯ ಹಬೆ, ರೇಡಿಯೇಟರಿನಲ್ಲಿ ಗುಳುಗುಳು ಗುಳ್ಳೆ, ಎಣ್ಣೆ ನೋಡುವ ಕಡ್ಡಿಯ ತುದಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣ.

ಹಾಳೆ ಸುಡುವುದಕ್ಕೆ ಮುಖ್ಯ ಕಾರಣ ಎಂಜಿನ್ ವಿಪರೀತ ಕಾಯುವುದು. ಅತಿ ಕಾದಾಗ ಹೆಡ್ಡು ಕೂದಲೆಳೆಯಷ್ಟು ಬಾಗುತ್ತದೆ, ಬಿಗಿತ ತಪ್ಪುತ್ತದೆ. ಕಾಯಿಸುವುದಕ್ಕೆ ನಮ್ಮ ರಸ್ತೆಗಳಿಗಿಂತ ಒಳ್ಳೆಯ ಒಲೆ ಇಲ್ಲ. ಶೃಂಗೇರಿಗೆ ರೈಲು ಬರಲೇ ಇಲ್ಲ. ನೆರೆಯ ನರಸಿಂಹರಾಜಪುರಕ್ಕೆ ತರೀಕೆರೆಯಿಂದ ಒಂದು ಕಾಲದಲ್ಲಿ ಪುಟ್ಟ ಟ್ರಾಮ್ ರೈಲಿತ್ತು, ಅದೂ ಹೋಯಿತು. ಉಳಿದದ್ದು ರಸ್ತೆ, ಕರಾವಳಿಗೆ ಇಳಿಯಬೇಕೆಂದರೆ ಆಗುಂಬೆ. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು. ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಅಲ್ಲಿ, ಸುತ್ತ ಮಳೆ ಧೋ ಎಂದು ಸುರಿಯುತ್ತಿರುವಾಗ ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳು ಸ್ನಾನದ ಹಂಡೆಯಂತೆ ಕುದಿಯುತ್ತಿದ್ದದ್ದನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೇನೆ! ಡ್ರೈವರು ತಲೆಗೊಂದು ಗೊಪ್ಪೆ ಹಾಕಿಕೊಂಡು, ಹಳ್ಳದ ನೀರನ್ನು ಡಬ್ಬದಲ್ಲಿ ತಂದು, ಗೋಣಿತಾಟು ಹಿಡಿದು ರೇಡಿಯೇಟರಿನ ಮುಚ್ಚಳ ತೆಗೆಯುವ ಆ ಗಳಿಗೆಗೆ ನಾವು ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದೆವು.

ಇಂಥ ರಸ್ತೆಗಳು ಒಂದು ವಿದ್ಯೆಯನ್ನೂ ಬೆಳೆಸಿದವು. ಕೊಪ್ಪದಲ್ಲಿ ಶಂಕರ್ ಕಂಪೆನಿಯ ಬಸ್ಸುಗಳ ನೆಲೆಯಿತ್ತು. ದಿನವೂ ಘಾಟಿ ಹತ್ತಿಳಿಯುವ ಬಸ್ಸುಗಳಿರುವ ಕಡೆ ಅವನ್ನು ಬಿಚ್ಚಿ ಕಟ್ಟುವವರೂ ಇರಲೇಬೇಕಲ್ಲ. ನಮ್ಮ ಮನೆಗೆ ಬರುತ್ತಿದ್ದ ಮೇಸ್ತ್ರಿಗಳು ಹುಡುಗನಾಗಿದ್ದಾಗ ಬಸ್ಸುಗಳ ಕೆಳಗೆ ಮಲಗಿಯೇ ಕೆಲಸ ಕಲಿತವರು. ಮುಂದೆ 1991ರಲ್ಲಿ ಆ ಕಂಪೆನಿ ಬಾಗಿಲು ಹಾಕಿದಾಗ ಕೆಲಸಗಾರರೇ ಒಟ್ಟಾಗಿ ಸಹಕಾರ ಸಾರಿಗೆ ಎಂಬ ಸಂಸ್ಥೆ ಕಟ್ಟಿ ಬಸ್ಸು ಓಡಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲಿಕರು. 2020ರಲ್ಲಿ ಅದು ನಿಂತು ಹೋಗುವ ತನಕ ಮಲೆನಾಡಿನ ಶಾಲೆಯ ಮಕ್ಕಳೂ ಬಾಣಂತಿಯರೂ ಅಡಕೆ ಮೂಟೆಗಳೂ ಅದರಲ್ಲೇ ಓಡಾಡಿದ್ದು. ಅದರ ಇತಿಹಾಸವನ್ನು ಯಾರಾದರೂ ಬೇರೆಯಾಗಿಯೇ ಬರೆಯಬೇಕು.

ಇನ್ನು ಕಾರು. ಅದು ನಮ್ಮ ಅಂಗಳಕ್ಕೆ ಬಂದದ್ದಕ್ಕೂ ಒಂದು ಕಥೆ ಇದೆ, ಅದರ ಮೊದಲ ಅಧ್ಯಾಯದಲ್ಲಿ ನಮ್ಮವರೇ ಇದ್ದಾರೆ. ಎಪ್ಪತ್ತು ದಾಟಿದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯದಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಬರೆದರು. ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನ ಅದರಲ್ಲಿ ಸೇರಲು ಮನಸ್ಸು ಮಾಡಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ನಮಗೆ ವಿಮಾನ ಬಂತು, ಕಾರು ತಪ್ಪಿತು. ಕಾರು ಮುಂಬಯಿಗೂ ಕಲ್ಕತ್ತೆಗೂ ಹೋಯಿತು. 1944ರಲ್ಲಿ ಮುಂಬಯಿಯಲ್ಲಿ ವಾಲ್‌ಚಂದರ ಪ್ರೀಮಿಯರ್ ಕಂಪೆನಿ ಶುರುವಾಯಿತು, ಮುಂದೆ ಫಿಯೆಟ್ ಕಾರುಗಳು ಅಲ್ಲಿಂದ ಬಂದವು. 1942ರಲ್ಲಿ ಬಿರ್ಲಾ ಅವರು ಸ್ಥಾಪಿಸಿದ್ದ ಹಿಂದೂಸ್ಥಾನ್ ಮೋಟಾರ್ಸ್ ಕಲ್ಕತ್ತೆಯ ಹತ್ತಿರದ ಉತ್ತರಪಾರದಲ್ಲಿ ನೆಲೆಯೂರಿ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1957-58ರಲ್ಲಿ ಅಂಬಾಸಿಡರ್ ತಂದಿತು. ಇಲ್ಲಿ ಬರೀ ಜೋಡಿಸುವುದಲ್ಲ, ತಯಾರಿಸಲೂಬೇಕು ಎಂದು ಸರ್ಕಾರ 1953ರಲ್ಲಿ ಪಟ್ಟು ಹಿಡಿದಾಗ ಫೋರ್ಡ್, ಜನರಲ್ ಮೋಟಾರ್ಸ್‌ನಂಥ ಪರದೇಶದ ದೊಡ್ಡ ಕಂಪೆನಿಗಳು ಅಂಗಡಿ ಕಟ್ಟಿಕೊಂಡು ಹೋದವು. ಉಳಿದದ್ದು ಬೆರಳೆಣಿಕೆಯ ಕಾರುಗಳು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು.

ಈ ಬಡತನಕ್ಕೆ ಒಂದು ಅನುಕೂಲವೂ ಇತ್ತು ಎಂಬುದು ನನ್ನ ಅಭಿಪ್ರಾಯ. ಒಂದೇ ಎಂಜಿನ್ನು ದಶಕಗಟ್ಟಲೆ ಹೆಚ್ಚು ಬದಲಾಗದೆ ಬಂದದ್ದರಿಂದ ಒಬ್ಬ ಮೇಸ್ತ್ರಿ ಒಮ್ಮೆ ಕಲಿತ ವಿದ್ಯೆ ಆಯುಷ್ಯವಿಡೀ ನಡೆಯುತ್ತಿತ್ತು. ಬಿಡಿಭಾಗ ಶಿವಮೊಗ್ಗದಲ್ಲೋ ಉಡುಪಿಯಲ್ಲೋ ಸಿಕ್ಕಿಯೇ ಸಿಗುತ್ತಿತ್ತು. ಕಾರನ್ನು ಗ್ಯಾರೇಜಿಗೆ ಒಯ್ಯಬೇಕಾಗಿರಲಿಲ್ಲ. ಒಯ್ಯುವುದಾದರೂ ಹೇಗೆ? ಗ್ಯಾರೇಜೇ ಮನೆಗೆ ಬರುತ್ತಿತ್ತು, ಒಂದು ಕಬ್ಬಿಣದ ಪೆಟ್ಟಿಗೆಯ ರೂಪದಲ್ಲಿ. "ಹಳೆಯ ಕಾರೇ ಚೆಂದ, ಮನೆಯಲ್ಲೇ ಬಿಚ್ಚಿ ಹಾಕಬಹುದಿತ್ತು" ಎಂದು ಈಗ ಹಲುಬುವವರು ಬಹುತೇಕ ಗಂಡಸರು. ಬಿಚ್ಚಿದ್ದು ಅವರಿಗೆ ನೆನಪಿದೆ. ಬಿಚ್ಚಿದ ಮೂರು ದಿನ ಮನೆಯೊಳಗೆ ಏನು ನಡೆಯಿತೆಂಬುದು ಅವರ ನೆನಪಿನಲ್ಲಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ.

ಪುಸ್ತಕ ಎಂದದ್ದು ಸುಮ್ಮನೆ ಅಲ್ಲ. ಅಪ್ಪಯ್ಯನ ಲೆಕ್ಕದ ಪುಸ್ತಕಗಳು ನನ್ನ ಬಳಿ ಇವೆ. 1979ರ ಏಪ್ರಿಲ್ ತಿಂಗಳ ಪುಟದಲ್ಲಿ ಅವರ ದುಂಡು ಅಕ್ಷರದಲ್ಲಿ ನಾಲ್ಕು ಸಾಲುಗಳಿವೆ: ಗ್ಯಾಸ್ಕೆಟ್ ಸೆಟ್ಟು, ಎಂಜಿನ್ ಎಣ್ಣೆ, ರಬ್ಬರ್ ಹೋಸು, ಮೇಸ್ತ್ರಿಗೆ ಮೂರು ದಿನದ ಸಂಬಳ. ಆ ನಾಲ್ಕು ಸಾಲಿನ ಹಿಂದಿರುವುದನ್ನು ಬರೆಯಲು ಈಗ ಬದುಕಿರುವವಳು ನಾನೊಬ್ಬಳೇ.

ಆ ವರ್ಷ ಅತ್ತೆ, ಎಂದರೆ ಅಪ್ಪಯ್ಯನ ತಂಗಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದರು. ಒಂಬತ್ತು ತುಂಬಿತ್ತು. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದಕ್ಕೆ ಮೊದಲು ಒಂದೊಂದು ಊರಿಗೂ ಯಾರಾದರೊಬ್ಬರ ಕಾರೋ ಜೀಪೋ ಆಂಬುಲೆನ್ಸು. ನಮ್ಮ ಬೂದು ಬಣ್ಣದ ಅಂಬಾಸಿಡರು ಎಷ್ಟು ಗರ್ಭಿಣಿಯರನ್ನು, ಹಾವು ಕಚ್ಚಿದವರನ್ನು, ಅಡಕೆಮರದಿಂದ ಬಿದ್ದವರನ್ನು ಶೃಂಗೇರಿಗೋ ಮಣಿಪಾಲಕ್ಕೋ ಸಾಗಿಸಿದೆಯೋ! ಅಂಥ ಕಾರು, ಅಪ್ಪಯ್ಯ ಉಡುಪಿಗೆ ಹೋಗಿ ಹಿಂತಿರುಗುವಾಗ ಆಗುಂಬೆಯ ಒಂಬತ್ತನೆಯ ತಿರುವಿನಲ್ಲಿ ನಿಂತಿತು. ಹಳತಾಗಿದ್ದ ರಬ್ಬರ್ ಹೋಸು ಒಡೆದು ನೀರೆಲ್ಲ ಸೋರಿಹೋಗಿತ್ತು. ಹರಿದ ಪಂಚೆಯ ತುಂಡು ಸುತ್ತಿ, ನೀರು ತುಂಬಿ, ನಿಲ್ಲಿಸಿ ನಿಲ್ಲಿಸಿ ಬೇಗಾರಿನ ಮೇಲೆ ಮನೆ ಮುಟ್ಟಿಸಿದರು. ಅಂಗಳಕ್ಕೆ ಬರುವಾಗ ಕಾರಿನ ಹಿಂದೆ ಬಿಳಿಯ ಹೊಗೆ ಹಬ್ಬದ ಧೂಪದಂತೆ ಏಳುತ್ತಿತ್ತು. ಅಜ್ಜಿ ಜಗಲಿಯಿಂದಲೇ ಕಾರನ್ನೊಮ್ಮೆ, ಮಗಳ ಹೊಟ್ಟೆಯನ್ನೊಮ್ಮೆ ನೋಡಿದರು.

ಮಾರನೆಯ ದಿನ ಮೊದಲ ಬಸ್ಸಿಗೆ ಮೇಸ್ತ್ರಿಗಳು ಬಂದರು. ಕಾಫಿ ಕುಡಿದು, ರೇಡಿಯೇಟರಿನ ಮುಚ್ಚಳ ತೆಗೆದು, ಎಂಜಿನ್ ಚಾಲೂ ಮಾಡಿಸಿ ಗುಳ್ಳೆ ನೋಡಿದರು. ಎಣ್ಣೆಕಡ್ಡಿ ಎಳೆದು ಬೆರಳಿಗೆ ಸವರಿಕೊಂಡರು. "ಹೆಡ್ ಬಿಚ್ಚಲೇಬೇಕು ಅಯ್ಯ" ಎಂದರು.

ಬಿಚ್ಚುವ ಕೆಲಸದಲ್ಲಿ ಬಲಕ್ಕಿಂತ ಕ್ರಮವೇ ದೊಡ್ಡದು ಎಂಬುದು ನನಗೆ ಅವತ್ತು ತಿಳಿಯಿತು. ಮೊದಲು ಬ್ಯಾಟರಿಯ ತಂತಿ, ಆಮೇಲೆ ನಲ್ಲಿ ತಿರುಗಿಸಿ ನೀರು, ಆಮೇಲೆ ಮೇಲಿನ ಹೋಸು, ಕಾರ್ಬ್ಯುರೇಟರು. ತಗಡಿನ ಮೇಲ್ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ಕೂತ ರಾಕರುಗಳು. ಅವುಗಳ ಕೆಳಗಿನಿಂದ ಎಂಟು ಉದ್ದನೆಯ ಕಡ್ಡಿಗಳನ್ನು ಒಂದೊಂದಾಗಿ ಮೇಲೆಳೆಯುವಾಗ ಮೇಸ್ತ್ರಿಗಳು ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಅಮ್ಮಾ, ಇವು ಸಾಲು ತಪ್ಪಬಾರದು. ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಎಲ್ಲಾದ್ರೂ ಇಡ್ತೀರಾ?" ಅವು ತಮ್ಮ ತಮ್ಮ ಜಾಗದಲ್ಲಿ ತೇಯ್ದು ಹೊಂದಿಕೊಂಡಿರುತ್ತವೆ, ಅದಲುಬದಲಾದರೆ ಸವೆತ. ಅಮ್ಮ ಒಂದು ಮೊರ ತಂದು, ಅದಕ್ಕೆ ಬಟ್ಟೆ ಹಾಸಿ, ರಂಗೋಲಿ ಪುಡಿಯಲ್ಲಿ ಒಂದರಿಂದ ಎಂಟರವರೆಗೆ ಗೆರೆ ಎಳೆದು, ಕಡ್ಡಿಗಳನ್ನು ಮಲಗಿಸಿದರು. ಮೂರು ದಿನ ಆ ಮೊರ ದೇವರ ಕೋಣೆಯ ಮಾಡಿನಲ್ಲಿತ್ತು. ಬೆಕ್ಕು, ಮಕ್ಕಳು ಮುಟ್ಟದ ಜಾಗ ಮನೆಯಲ್ಲಿ ಅದೊಂದೇ.

ಹೆಡ್ಡನ್ನು ಹಿಡಿದಿದ್ದ ನಟ್ಟುಗಳು ಹನ್ನೊಂದು. ಬಿಚ್ಚಿದ ಮೇಲೂ ಹೆಡ್ಡು ಏಳಲಿಲ್ಲ. ಬೀಡು ಕಬ್ಬಿಣದ ಭಾರಕ್ಕೆ ವರ್ಷಗಳ ಮಸಿಯ ಅಂಟು. ಮೇಸ್ತ್ರಿಗಳು ಮರದ ತುಂಡಿಟ್ಟು ಸುತ್ತ ಮೆಲ್ಲಗೆ ಬಡಿದು ಬಡಿದು ಅದನ್ನು ಒಪ್ಪಿಸಿದರು. ಅಪ್ಪಯ್ಯ ಒಂದು ಕಡೆ, ಅವರು ಒಂದು ಕಡೆ ಹಿಡಿದೆತ್ತಿದಾಗ ನಡುವೆ ಕಂಡದ್ದೇ ಗ್ಯಾಸ್ಕೆಟ್ಟು: ತಾಮ್ರದ ತೆಳು ಹೊದಿಕೆಯ ಹಾಳೆ, ನಾಲ್ಕು ದೊಡ್ಡ ಕಣ್ಣು, ಸುತ್ತ ಹತ್ತಾರು ಸಣ್ಣ ತೂತು. ಎರಡನೆಯ ಮತ್ತು ಮೂರನೆಯ ಕಣ್ಣಿನ ನಡುವೆ ಕಪ್ಪಾಗಿ ಸುಟ್ಟ ಒಂದು ಗೀರು. "ಇಷ್ಟೇಯಾ?" ಎಂದರು ಅತ್ತೆ, ಬಾಗಿಲ ಸಂದಿನಿಂದ.

ಎರಡನೆಯ ದಿನ ಉಜ್ಜುವ ದಿನ. ಬ್ಲಾಕಿನ ಮೇಲೆ ಅಂಟಿದ್ದ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆಯಬೇಕು, ಮಸಿ ತೆಗೆಯಬೇಕು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಸೀಮೆಎಣ್ಣೆ ರೇಷನ್ನಿನ ಕಾಲ. ಸ್ಟೌವಿಗೆ, ಲಾಂದ್ರಕ್ಕೆ ಎಂದು ಅಮ್ಮ ಅಳೆದಳೆದು ಇಟ್ಟುಕೊಂಡಿದ್ದು ಅರ್ಧ ಟಿನ್ನು ಹೋಯಿತು. ಆ ತಿಂಗಳ ಉಳಿದ ದಿನ ಬೆಳಗಿನ ಕಾಫಿಗೂ ಒಲೆ ಹಚ್ಚಬೇಕಾಯಿತು. ಅಪ್ಪಯ್ಯನ ಪುಸ್ತಕದಲ್ಲಿ ಈ ಸೀಮೆಎಣ್ಣೆಯ ಲೆಕ್ಕವಿಲ್ಲ. ಮೇಸ್ತ್ರಿ ಮತ್ತು ಅವರ ಜೊತೆಗಿನ ಹುಡುಗನ ಊಟ, ತಿಂಡಿ, ನಾಲ್ಕು ಹೊತ್ತಿನ ಕಾಫಿ ಇಲ್ಲ. ಹರಿದು ಕೊಟ್ಟ ಹಳೆಯ ಸೀರೆ ಇಲ್ಲ. ಜಿಡ್ಡು ತಗಲಿದ ಪಂಚೆಗಳನ್ನು ಬೂದಿನೀರಿನಲ್ಲಿ ನೆನೆಸಿ ಒಗೆದದ್ದಂತೂ ಇಲ್ಲವೇ ಇಲ್ಲ.

ತೊಳೆದ ಹೆಡ್ಡಿನ ಮೇಲೆ ಮೇಸ್ತ್ರಿಗಳು ಉಕ್ಕಿನ ಪಟ್ಟಿಯೊಂದನ್ನು ನಿಲ್ಲಿಸಿ, ಅಡಿಯಲ್ಲಿ ಬೆಳಕು ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು. ಬೆಳಕು ಕಂಡರೆ ಹೆಡ್ಡು ಬಾಗಿದೆಯೆಂದು ಅರ್ಥ. ಶಿವಮೊಗ್ಗದ ಲೇತಿಗೆ ಕಳಿಸಿ ಸಮ ಮಾಡಿಸಬೇಕು, ಅಂದರೆ ಇನ್ನೂ ನಾಲ್ಕು ದಿನ. ಅಜ್ಜಿ ಉಸಿರು ಬಿಗಿಹಿಡಿದು ನಿಂತಿದ್ದರು. ಬೆಳಕು ಕಾಣಲಿಲ್ಲ. ಫಿಯೆಟ್ ಕಾರಿನದಾಗಿದ್ದರೆ ಅಲ್ಯುಮಿನಿಯಂ ಹೆಡ್ಡು, ಇಷ್ಟು ಕಾದದ್ದಕ್ಕೆ ಬಾಗದೆ ಇರುತ್ತಿರಲಿಲ್ಲ ಎಂದು ಮೇಸ್ತ್ರಿಗಳು ಅಂದದ್ದು ನೆನಪಿದೆ.

ಹೊಸ ಗ್ಯಾಸ್ಕೆಟ್ಟು ಸಂಜೆಯ ಬಸ್ಸಿನಲ್ಲಿ ಶಿವಮೊಗ್ಗದಿಂದ ಬಂತು. ಅಂಗಡಿಯವರು ರಟ್ಟಿಗೆ ಕಟ್ಟಿ ಬಸ್ಸಿಗೆ ಕೊಟ್ಟಿದ್ದರು. ಮಡಚಿದರೆ ಮುಗಿಯಿತು, ಹಾಗಾಗಿ ಕಂಡಕ್ಟರು ಅದನ್ನು ದೇವರ ಪಟ ತರುವಂತೆ ಎದೆಗವಚಿ ತಂದಿದ್ದ. ಬಸ್ ಸ್ಟಾಪಿಗೆ ಹೋಗಿ ಅದನ್ನು ತಂದವಳು ನಾನು. ಆಗ ನನಗೆ ಹನ್ನೆರಡು.

ಮೂರನೆಯ ದಿನದ ಜೋಡಣೆಯಲ್ಲಿ ನನಗೊಂದು ಕೆಲಸ ಸಿಕ್ಕಿತು. ಹೆಡ್ಡು ಕೂರಿಸಿ ನಟ್ಟು ಬಿಗಿಯುವಾಗ ಮೇಸ್ತ್ರಿಗಳು ನಡುವಿನಿಂದ ಶುರುಮಾಡಿ, ಈಚೆಗೊಂದು ಆಚೆಗೊಂದು ಎಂದು ಹೊರಗೆ ಹೊರಗೆ ಬಂದರು. ಮೊದಲ ಸುತ್ತು ಸುಮ್ಮನೆ ತಾಗುವಷ್ಟು, ಎರಡನೆಯದು ಇನ್ನಷ್ಟು, ಮೂರನೆಯದು ಪೂರ್ತಿ. ಒಂದು ಅಂಚಿನಿಂದ ಬಿಗಿಯುತ್ತ ಹೋದರೆ ಹಾಳೆ ಇನ್ನೊಂದು ಅಂಚಿನಲ್ಲಿ ಉಬ್ಬಿ ನಿಲ್ಲುತ್ತದೆ. ಮೊರದ ಕಡ್ಡಿಗಳು ತಮ್ಮ ತಮ್ಮ ಜಾಗಕ್ಕೆ ಹೋದವು. ಆಮೇಲೆ ಎಂಟು ವಾಲ್ವುಗಳ ಸಂದು ಸರಿಮಾಡುವುದು. ಕಾರಿನ ಮೂತಿಗೆ ಹಾಕುವ ಹ್ಯಾಂಡಲನ್ನು ನಾನು ಮೆಲ್ಲಗೆ ತಿರುಗಿಸಬೇಕು, ಅವರು ಹೇಳಿದಾಗ ನಿಲ್ಲಿಸಬೇಕು. "ಒಂಬತ್ತರ ಲೆಕ್ಕ ಮಗು," ಎಂದರು. "ಎಂಟನೇದು ಪೂರ್ತಿ ಕೆಳಗೆ ಹೋಗಿ ತೆರೆದಾಗ ಒಂದನೇದನ್ನ ಅಳೀಬೇಕು. ಆರನೇದು ತೆರೆದಾಗ?" "ಮೂರನೇದು" ಎಂದೆ. "ನಾಲ್ಕು ತೆರೆದ್ರೆ?" "ಐದು." ಎರಡೂ ಸೇರಿ ಯಾವಾಗಲೂ ಒಂಬತ್ತು. ನಾಲ್ಕು ಸಿಲಿಂಡರಿನ ಆ ಎಂಜಿನ್ನಿನಲ್ಲಿ ಉರಿ ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಹೊತ್ತುವುದರಿಂದ ಹೀಗೆ ಎಂದು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಮೇಸ್ತ್ರಿಗಳು ಶಾಲೆಯಲ್ಲಿ ಮೂರನೆಯ ಕ್ಲಾಸು ದಾಟಿರಲಿಲ್ಲ. ಹೈಸ್ಕೂಲಿನಲ್ಲಿ ನನಗೆ ಕಲಿಸಿದ ಗಣಿತದಲ್ಲಿ ಇದರ ಅರ್ಧದಷ್ಟು ಸೊಗಸಿದ್ದ ಪಾಠ ಇನ್ನೊಂದಿರಲಿಲ್ಲ.

ಎಂಜಿನ್ ಕಾದ ಮೇಲೆ ಎಲ್ಲವೂ ಸ್ವಲ್ಪ ಕುಸಿದು ಕೂರುವುದರಿಂದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಅದಕ್ಕೆಂದು ಮೇಸ್ತ್ರಿಗಳು ಆ ರಾತ್ರಿ ನಮ್ಮಲ್ಲೇ ಉಳಿದರು. ಅತ್ತೆಗೆ ನೋವು ಶುರುವಾದದ್ದು ಮರುದಿನ ಬೆಳಗಿನ ಜಾವ, ಇನ್ನೊಮ್ಮೆ ಬಿಗಿಯುವ ಮೊದಲೇ. ಅಪ್ಪಯ್ಯ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಮೇಸ್ತ್ರಿಗಳು, ಮಡಿಲಲ್ಲಿ ಸ್ಪ್ಯಾನರಿನ ಪೆಟ್ಟಿಗೆ. ಹಿಂದೆ ಅತ್ತೆ, ಅಜ್ಜಿ, ಅಮ್ಮ, ಕಾಲಡಿಯಲ್ಲಿ ಎರಡು ಕೊಡ ನೀರು. ಶೃಂಗೇರಿಯ ಆಸ್ಪತ್ರೆ ತಲುಪಿ ಮುಕ್ಕಾಲು ಗಂಟೆಗೆ ಮಗು. ಮಗುವಿನ ಅಳು ಕೇಳಿದ ಮೇಲೆ, ಆಸ್ಪತ್ರೆಯ ಎದುರಿನ ಮರದ ಕೆಳಗೆ ಮೇಸ್ತ್ರಿಗಳು ಬಾನೆಟ್ ಎತ್ತಿ ಆ ಹನ್ನೊಂದು ನಟ್ಟುಗಳನ್ನು ಬಿಗಿದರಂತೆ.

ಕಾರಿನ ಇತಿಹಾಸ ಬರೆದವರು ಹೆಂಗಸರನ್ನು ಪೂರ್ತಿ ಮರೆತಿಲ್ಲ ಎನ್ನಬೇಕು. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಆದರೆ ಅದು ದೂರದ ದಾರಿಗೆ ಆದೀತೆಂದು ಲೋಕಕ್ಕೆ ತೋರಿಸಿದವಳು ಅವನ ಹೆಂಡತಿ ಬರ್ತಾ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ದೂರದ ಫೋರ್ಟ್ಸ್‌ಹೈಮಿಗೆ ಹೊರಟಳು. ಹೊರಟದ್ದು ಎಲ್ಲಿಗೆ ಎಂದರೆ ತಾಯಿಯ ಮನೆಗೆ! ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ತಂತಿ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು, ಬ್ರೇಕು ಸವೆದಾಗ ಚಮ್ಮಾರನ ಕೈಯಲ್ಲಿ ಚರ್ಮ ಹೊಡೆಸಿದಳು. ಬಟ್ಟೆಯ ಕಲೆ ತೆಗೆಯಲೆಂದು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದ ದ್ರಾವಣವೇ ಅವಳ ಪೆಟ್ರೋಲು. ಎಂಜಿನ್ ಕಾದಾಗಲೆಲ್ಲ ನಿಲ್ಲಿಸಿ ನೀರು ತುಂಬಿದಳು. ಅಮ್ಮನ ಮೊರದ ಸಂಗತಿ ಅವಳಿಗೆ ಅರ್ಥವಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಈಗ ಆ ಸುಟ್ಟ ಗ್ಯಾಸ್ಕೆಟ್ಟಿನ ವಿಷಯ. ಅದು ಕೊಟ್ಟಿಗೆಯ ಗೋಡೆಯ ಮೊಳೆಯಲ್ಲಿ ಬಹಳ ವರ್ಷ ತೂಗಾಡಿತು. ಅದರ ಕಣ್ಣುಗಳಿಗೆ ಕಣ್ಣಿಟ್ಟು ನಾವು ಮಕ್ಕಳು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದೆವು. ಅಂಚಿನಲ್ಲಿ ತಾಮ್ರ ಬಿರಿದ ಕಡೆ ಒಳಗಿನಿಂದ ಬೂದು ಬಣ್ಣದ ನಾರು ಹೊರಗೆ ಇಣುಕುತ್ತಿತ್ತು, ಉಗುರಿನಲ್ಲಿ ಎಳೆದರೆ ಹತ್ತಿಯಂತೆ ಬರುತ್ತಿತ್ತು. ತಾಮ್ರದ ಎರಡು ಹಾಳೆಗಳ ನಡುವೆ ಬೆಂಕಿಗೆ ಜಗ್ಗದೆ ಕೂತಿದ್ದುದು ಅದೇ. ಅದರ ಹೆಸರು ಕಲ್ನಾರು.

ಎಷ್ಟು ಒಳ್ಳೆಯ ಶಬ್ದ ನೋಡಿ! ಕಲ್ಲಿನ ನಾರು. ಇಂಗ್ಲಿಷಿನವರು ಆಸ್ಬೆಸ್ಟಾಸ್ ಎನ್ನುವುದನ್ನು ನಮ್ಮವರು ಕೈಯಲ್ಲಿ ಹಿಡಿದು ನೋಡಿ ಹೆಸರಿಟ್ಟಂತಿದೆ. ಕಲ್ಲಿನಿಂದ ಎಳೆ ಬರುತ್ತದೆ, ನೂಲಬಹುದು, ನೇಯಬಹುದು, ಬೆಂಕಿಗೆ ಹಾಕಿದರೆ ಸುಡದೆ ಶುಭ್ರವಾಗಿ ಹೊರಬರುತ್ತದೆ. ಮಾರ್ಕೋ ಪೋಲೋ ಕೂಡ ಇಂಥ ಬಟ್ಟೆಯ ಬಗ್ಗೆ ಬರೆದಿದ್ದಾನೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಇದರ ನಿಕ್ಷೇಪಗಳಿವೆ. ಉಗಿಯಂತ್ರಗಳ ಕಾಲದಿಂದ ಮುಂದಕ್ಕೆ, ಎಲ್ಲೆಲ್ಲಿ ಬೆಂಕಿಯೋ ಅಲ್ಲೆಲ್ಲ ಕಲ್ನಾರು ಬಂತು: ಗ್ಯಾಸ್ಕೆಟ್ಟಿಗೆ, ಬ್ರೇಕಿನ ಪಟ್ಟಿಗೆ, ಕ್ಲಚ್ಚಿಗೆ, ಮನೆಯ ಸೂರಿಗೆ.

ಇದರ ಎಳೆಗಳು ಎಷ್ಟು ಸಣ್ಣವೆಂದರೆ ಕಣ್ಣಿಗೆ ಕಾಣದೆ ಗಾಳಿಯಲ್ಲಿ ತೇಲಿ ಎದೆಗೂಡನ್ನು ಸೇರುತ್ತವೆ, ಸೇರಿದರೆ ಹೊರಗೆ ಬರುವುದಿಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೆಲ್ಲಿ ಕರ್ಶಾ ಎಂಬ ಹೆಂಗಸು ಕಲ್ನಾರು ನೂಲುವ ಕೆಲಸ ಮಾಡುತ್ತಿದ್ದಳು. 1924ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ ಸತ್ತಳು. ಅವಳ ಶ್ವಾಸಕೋಶದಲ್ಲಿ ಸಿಕ್ಕ ಕಲ್ನಾರಿನ ಕಣಗಳ ವಿಚಾರ ಆ ವರ್ಷವೇ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದಾಗಿ ನಲವತ್ತು ವರ್ಷಗಳ ಮೇಲೆ, 1965ರಲ್ಲಿ, ಲಂಡನ್ನಿನ ನ್ಯೂಹೌಸ್ ಮತ್ತು ಥಾಮ್ಸನ್ ಎಂಬಿಬ್ಬರು ಸಂಶೋಧಕಿಯರು ಕಲ್ನಾರಿನಿಂದ ಬರುವ ಒಂದು ಬಗೆಯ ಕ್ಯಾನ್ಸರಿನ ರೋಗಿಗಳ ಹಿನ್ನೆಲೆ ಕೆದಕಿದರು. ಅವರಲ್ಲಿ ಕಾರ್ಖಾನೆಯ ಮೆಟ್ಟಿಲನ್ನೇ ಹತ್ತದ ಹೆಂಗಸರಿದ್ದರು. ಅವರು ಮಾಡಿದ್ದಿಷ್ಟೇ: ಕಲ್ನಾರಿನ ಕೆಲಸಕ್ಕೆ ಹೋಗುವ ಗಂಡನ ಬಟ್ಟೆಗಳನ್ನು ಕೊಡವಿ ಒಗೆದಿದ್ದರು. ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರಿನ ಕೆಲಸಗಾರರ ಆರೋಗ್ಯ ಅವರ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಬಟ್ಟೆ ಒಗೆದವಳಿಗೆ ಏನೂ ಇಲ್ಲ. ಬ್ರಿಟನ್ನು 1999ರಲ್ಲಿ ಇದರ ಬಳಕೆಯನ್ನೇ ನಿಲ್ಲಿಸಿತು. ನಮ್ಮಲ್ಲಿ ಸೂರಿನ ಶೀಟುಗಳಿಗೆ ಹೊರದೇಶದಿಂದ ತರಿಸುವುದು ಇನ್ನೂ ನಡೆದಿದೆ.

ಓದುವವರು ಸುಮ್ಮನೆ ಹೆದರಬೇಕಾಗಿಲ್ಲ. ಎಣ್ಣೆಯಲ್ಲಿ ನೆಂದ ಒಂದು ಗ್ಯಾಸ್ಕೆಟ್ಟನ್ನು ಜನ್ಮದಲ್ಲಿ ಒಂದೆರಡು ಸಲ ಕೆರೆದದ್ದರಿಂದ ಏನೂ ಆಗಿರುವ ಸಂಭವ ಕಡಿಮೆ. ಆದರೆ ಮೇಸ್ತ್ರಿಗಳದು ಜನ್ಮದ ಲೆಕ್ಕವಲ್ಲ, ದಿನದ ಲೆಕ್ಕ. ಅದರಲ್ಲೂ ಬ್ರೇಕಿನ ಡ್ರಮ್ಮು ಬಿಚ್ಚಿದಾಗ ಒಳಗಿನ ಒಣಧೂಳನ್ನು ಬಾಯಿಯಿಂದ ಉಫ್ ಎಂದು ಊದುವುದು ಆ ಕಾಲದ ಎಲ್ಲ ಮೇಸ್ತ್ರಿಗಳ ಪದ್ಧತಿಯಾಗಿತ್ತು. ಜೊತೆಗೆ ಬೀಡಿ. ಕಲ್ನಾರೂ ಧೂಮಪಾನವೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಷ್ಟೋ ಪಟ್ಟು ಏರುತ್ತದೆಂದು ಅಮೆರಿಕದ ಸೆಲಿಕಾಫ್ ಎಂಬ ವೈದ್ಯ 1968ರಲ್ಲೇ ತೋರಿಸಿದ್ದ. ಕೊಪ್ಪಕ್ಕೆ ಆ ಸುದ್ದಿ ಬಂದಿರಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ಕೊಟ್ಟಿಗೆಯ ಗ್ಯಾಸ್ಕೆಟ್ಟನ್ನು ನೀರು ಚಿಮುಕಿಸಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ಕಿನ ಎರಡು ಚೀಲದೊಳಗೆ ಕಟ್ಟಿಟ್ಟೆ. ಹೊಸ ಕಾರುಗಳಿಗೆ ಕಲ್ನಾರು ಬೇಕಿಲ್ಲ, ಅವುಗಳಲ್ಲಿ ಉಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದಿಟ್ಟ ಗ್ಯಾಸ್ಕೆಟ್ಟು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಒಂದೊಂದಾಗಿ ಎಲ್ಲ ಬದಲಾಯಿತು. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಈಗ ಘಾಟಿಯಲ್ಲಿ ಕಾರು ಕೆಟ್ಟರೆ ಅದನ್ನು ಇನ್ನೊಂದು ಗಾಡಿ ಬೆನ್ನ ಮೇಲೆ ಹೊತ್ತು ಪೇಟೆಗೆ ಒಯ್ಯುತ್ತದೆ, ಮನೆಯವರು ಫೋನಿನಲ್ಲಿ ಬಿಲ್ಲು ನೋಡುತ್ತಾರೆ. ಅಂಗಳ ಸ್ವಚ್ಛ. ಸೀಮೆಎಣ್ಣೆ ಬೇಡ, ನಾಲ್ಕು ಹೊತ್ತಿನ ಕಾಫಿ ಬೇಡ. ನನಗಂತೂ ಇದರಲ್ಲಿ ದುಃಖಪಡುವಂಥದ್ದೇನೂ ಕಾಣುವುದಿಲ್ಲ. ಒಂಬತ್ತರ ಲೆಕ್ಕ ಹೇಳಿಕೊಡುವವರು ಇಲ್ಲದಿರುವುದೊಂದೇ ಕೊರತೆ.

ಮೇಸ್ತ್ರಿಗಳು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಕೊನೆಯ ಎರಡು ವರ್ಷ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ದಮ್ಮು ಎಂದರು, ಬೀಡಿಯನ್ನು ಬೈದರು, ಅಲ್ಲಿಗೆ ಮುಗಿಯಿತು. ಅವರ ಹೆಂಡತಿ ಈಗಲೂ ಕೊಪ್ಪದಲ್ಲಿ ಮಗನ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ, ಗಟ್ಟಿಮುಟ್ಟಾಗಿದ್ದಾರೆ. ಕಳೆದ ಬೇಸಿಗೆಯಲ್ಲಿ ನೋಡಲು ಹೋಗಿದ್ದಾಗ ಹಳೆಯ ಮಾತು ಬಂತು. ಗಂಡನ ಖಾಕಿ ಅಂಗಿ ಚಡ್ಡಿಗಳನ್ನು ದಿನಾ ಸಂಜೆ ಹಿತ್ತಲಿನ ಕಲ್ಲಿಗೆ ಬಡಿದು ಧೂಳು ಹಾರಿಸಿ, ಆಮೇಲೆ ನೆನೆಹಾಕುತ್ತಿದ್ದೆ ಎಂದರು. "ಅಷ್ಟು ಧೂಳು ಅಮ್ಮಾ, ನೀರಿಗೆ ಹಾಗೇ ಹಾಕಿದ್ರೆ ಕೆಸರೇ ಆಗ್ತಿತ್ತು." ನಾನು ಓದಿದ್ದನ್ನು ಅರ್ಧ ಹೇಳಿದೆ, ಅರ್ಧ ನುಂಗಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಗೀದೆ ಇರೋಕಾಗ್ತಿತ್ತಾ? ಮರುದಿನ ಏನು ಹಾಕ್ಕೊಂಡು ಹೋಗ್ತಿದ್ರು ಅವರು?" ಎಂದು ಕೇಳಿದರು. ನಾನು ಏನೂ ಹೇಳದೆ ಇದ್ದುದನ್ನು ಕಂಡು ಅವರೇ ಮಾತು ಬದಲಿಸಿದರು. "ನಿಮ್ಮ ಆ ಬೂದು ಕಾರು ಏನಾಯ್ತು?"

1993ರಲ್ಲಿ ತೀರ್ಥಹಳ್ಳಿಯ ಕಡೆಯವರೊಬ್ಬರಿಗೆ ಕೊಟ್ಟೆವು, ಅವರು ಡೀಸೆಲ್ ಎಂಜಿನ್ ಹಾಕಿಸಿಕೊಂಡರು ಎಂದೆ.

"ಅಯ್ಯೋ, ಆ ಎಂಜಿನ್ನಿಗೆ ಇವರು ಎಷ್ಟು ಸಲ ಹೆಡ್ ಬಿಚ್ಚಿದ್ರು!" ಎಂದು ಹೇಳುತ್ತ ಅವರು ಸೊಸೆಯನ್ನು ಕರೆದು, ನನಗೆ ಕಾಫಿಗೆ ಸಕ್ಕರೆ ಹಾಕಬೇಕೋ ಬೇಡವೋ ಕೇಳಲು ಹೇಳಿದರು.